ಸತ್ತವರ ಮೈಯ ಬಟ್ಟೆ

ಅಂಬರೀಶನ ಕಾಲು ಮುರಿಯದೇ ಹೋಗಿದ್ದರೆ ಶಾರವ್ವ ಆ ಮಾತನ್ನು ತನ್ನ ಜೊತೆಗೇ ಮಣ್ಣಿಗೆ ಒಯ್ಯುತ್ತಿದ್ದಳು.

ಹತ್ತಿಮತ್ತೂರಿನ ಕೇರಿಯಲ್ಲಿ ಅವಳದು ಎರಡಂಕಣದ ಮನೆ. ಗಂಡ ಗುತ್ತೆಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಮಾಲಾ ಹಿರೇಕೆರೂರಿನ ಕಡೆ ಒಂದು ಹಳ್ಳಿಯ ಸಾಲೆಯಲ್ಲಿ ಟೀಚರು. ಮಗ ಅಂಬರೀಶ ಶಿಗ್ಗಾಂವಿಯಲ್ಲಿ ಖಾದರಸಾಬರ ಅಂಗಡಿಯಲ್ಲಿ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುತ್ತಿದ್ದ. ದೀಪಾವಳಿ ಮುಗಿದ ವಾರ, ಹೈವೇ ಪಕ್ಕದಲ್ಲಿ ಬಸ್ಸಿಳಿದು ಅಂಗಡಿಯ ಕಡೆ ನಡೆಯುತ್ತಿದ್ದಾಗ ಸರಕಿನ ಟೆಂಪೊ ಬಡಿದು ಅವನ ಎಡಗಾಲಿನ ಎಲುಬು ಎರಡು ಕಡೆ ಮುರಿಯಿತು. ಡಾಕ್ಟರು ಪ್ಲೇಟು ಹಾಕಿ, ಮೂರು ತಿಂಗಳು ಕಾಲೂರಬೇಡ ಎಂದರು. ಮನೆಯಲ್ಲೇ ಬಿದ್ದಿರಬೇಕಾಯಿತು. ನೋಡಲು ಬಂದ ಖಾದರಸಾಬರು ಅಂಗಡಿಯದೇ ಒಂದು ಹಳೆಯ ಲ್ಯಾಪ್‌ಟಾಪು ತಂದಿಟ್ಟು, "ಸುಮ್ನ ಮಕ್ಕೊಂಡ್ರ ತಲಿ ಕೆಡ್ತದ ಬೇಟಾ. ಏನರ ನೋಡ್ಕೊಂತ ಇರು" ಎಂದು ಹೇಳಿ ಹೋದರು.

ಅವನು ಹಗಲೆಲ್ಲ ಅದರಲ್ಲಿ ಒಂದು ಆಟ ಆಡುತ್ತಿದ್ದ. ಶಾರವ್ವ ಅವನ ಹಾಸಿಗೆಯ ಪಕ್ಕದಲ್ಲೇ ಕೂತು ಕೌದಿ ಹೊಲಿಯುತ್ತಿದ್ದಳು. ಕೌದಿ ಹೊಲಿಯುವುದರಲ್ಲಿ ಅವಳ ಕೈ ಸುತ್ತ ನಾಲ್ಕೂರಿಗೆ ಗೊತ್ತಿತ್ತು. ಹಳೆಯ ಸೀರೆ, ಧೋತ್ರಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಸುತ್ತುತ್ತ ನಡುವಿನವರೆಗೆ ಸಾಲುಹೊಲಿಗೆ ಹಾಕಿದಳೆಂದರೆ ಅದು ಇಪ್ಪತ್ತು ವರ್ಷ ಬಾಳುತ್ತಿತ್ತು. ಸೂಜಿ ಓಡಿಸುತ್ತಲೇ ಒಮ್ಮೊಮ್ಮೆ ಮಗನ ಪರದೆಯ ಮೇಲೆ ಕಣ್ಣು ಹಾಯಿಸುತ್ತಿದ್ದಳು. ಎಲ್ಲಿ ನೋಡಿದರೂ ಬಿಳಿ. ಬಿಳಿಯ ನಡುವೆ ಇರುವೆಗಳಂತೆ ಮೂರು ಮಂದಿ.

"ಯಾರೋ ಇವರು?" ಎಂದು ಒಂದು ದಿನ ಕೇಳಿದಳು.

"ಇವರು ಕುಂತಿದ್ದ ವಿಮಾನ ಒಡದು ಇಲ್ಲಿ ಬಂದು ಬಿದ್ದಾರವ್ವ. ಯಾರೂ ಇಲ್ಲದ ನಾಡು ಇದು. ಬೆಳಿ ಬೆಳಕೋಬೇಕು, ಮನಿ ಕಟ್ಕೋಬೇಕು, ಚಳಿಗಾಲ ಬರೂದ್ರಾಗ ಬಟ್ಟಿ ಹೊಲಕೋಬೇಕು."

"ಹೊಲಕೊಳ್ಳಲಿಲ್ಲಂದ್ರ?"

"ಸೆಟದು ಸಾಯ್ತಾರ."

ಅವಳು ನೋಡುತ್ತಿದ್ದಂತೆಯೇ ಆ ಸಲ ಮೂರೂ ಮಂದಿ ಸತ್ತರು. ಒಬ್ಬ ಕಟ್ಟಿಗೆ ತರಲು ಹೋದವನು ದಾರಿಯಲ್ಲೇ ಬಿದ್ದ. ಅವನನ್ನು ಎತ್ತಿ ತರಲು ಹೋದವರೂ ಬಿದ್ದರು. ಅಂಬರೀಶ ನಕ್ಕು ಮತ್ತೆ ಮೊದಲಿನಿಂದ ಶುರು ಮಾಡಿದ. ಶಾರವ್ವನಿಗೆ ಸಿಟ್ಟು ಬಂತು.

"ತೆಳ್ಳಾನ ಹತ್ತಿ ಅಂಗಿ ಮ್ಯಾಲ ಹಿಮದಾಗ ಕಟಗಿ ತರಾಕ ಕಳಸ್ತೀ. ಬುದ್ಧಿ ಐತೇನು ನಿನಗ?"

"ಮತ್ತೇನ ಹಾಕಲಿ ಹೇಳು."

"ಒಳಗ ಹತ್ತೀದು ಇರಲಿ, ಅದು ಬೆವರ ಹೀರತೈತಿ. ಅದರ ಮ್ಯಾಲ ಉಣ್ಣೀದು. ತಲಿಗಿ ಕಿವಿ ಮುಚ್ಚೂವಂಥಾದ್ದು ಏನರ ಐತೇನ ನೋಡು. ಚಳಿ ಕಿವಿಯಾಗಿಂದ ಹೊಗತೈತಿ."

ಆ ಆಟದಲ್ಲಿ ಜೂಲು ಕೂದಲಿನ ಕೋಣದಂಥ ಪ್ರಾಣಿಗಳಿದ್ದವು. ಅವನು ಅವುಗಳನ್ನು ಹಿಡಿದು ಸಾಕಿದ, ಉಣ್ಣೆ ಕತ್ತರಿಸಿದ, ಕೋಟು ಟೊಪಿಗೆ ಹೊಲಿಸಿದ. ಯಾವ ಬಟ್ಟೆಯ ಮೇಲೆ ಒತ್ತಿದರೂ ಒಂದು ಪಟ್ಟಿ ತೆರೆದು, ಅದು ಎಷ್ಟು ಚಳಿ ತಡೆಯುತ್ತದೆ, ಎಷ್ಟು ಸವೆದಿದೆ ಎಂಬ ಲೆಕ್ಕ ಬರುತ್ತಿತ್ತು. ಅವನು ಓದಿ ಹೇಳುತ್ತಿದ್ದ, ಅವಳು ಇದು ಒಳಗೆ, ಇದು ಮೇಲೆ ಎಂದು ಹೇಳುತ್ತಿದ್ದಳು. ಆ ಸಲದ ಚಳಿಗಾಲಕ್ಕೆ ಒಬ್ಬರೂ ಸಾಯಲಿಲ್ಲ. ಮಗ ದೊಡ್ಡವನಾದ ಮೇಲೆ ಅವಳನ್ನು ಏನೂ ಕೇಳಿದವನಲ್ಲ. ಈಗ ದಿನಕ್ಕೆ ಹತ್ತು ಸಲ, "ಅವ್ವ, ಇದನ್ನ ಹಾಕಲ್ಯಾ?" ಎಂದು ಕೇಳುತ್ತಿದ್ದ. ನೀರಿಗೆ ಹೋದಾಗ ಶಾರವ್ವ ಅದನ್ನು ನೆರೆಯವರ ಮುಂದೆ ಹೇಳಿಕೊಂಡಳು. ಪರದೆಯ ಮೇಲಿನವರ ಹೆಸರು ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲ. ಗಡ್ಡದವ, ಕುಂಟ, ಕೆಂಚಗೂದಲಾಕಿ ಎಂದು ತಾನೇ ಹೆಸರಿಟ್ಟಿದ್ದಳು.

ಆಗ ಅವಳ ತೊಡೆಯ ಮೇಲಿದ್ದ ಕೌದಿ ಊರ ಗೌಡರ ಮನೆಯದು. ಆ ಮನೆಯ ಹಿರಿಯ ಗೌಡಶಾನಿ ಮುದಕವ್ವ ಶ್ರಾವಣದಲ್ಲಿ ತೀರಿಕೊಂಡಿದ್ದಳು. ಮೊಮ್ಮಗನ ಹೆಂಡತಿ ಮಲ್ಲಿಕಾ ಏಳು ಸೀರೆಗಳನ್ನು ತಾನೇ ತಂದುಕೊಟ್ಟು ಹೋಗಿದ್ದಳು. ಮುದಕವ್ವ ಸಾಯುವವರೆಗೂ ಶಾರವ್ವನನ್ನು "ಲೇ, ಬಾರಲೇ" ಎಂದೇ ಕರೆದವಳು. ಈ ಹೆಣ್ಣುಮಗಳು ಮಾತ್ರ ಬರ್ರಿ, ಹೋಗ್ರಿ ಎನ್ನುತ್ತಿದ್ದಳು.

"ಇವನ್ನ ತೊಳೀಬ್ಯಾಡ್ರಿ ಶಾರವ್ವ. ಅಜ್ಜಿ ವಾಸನಿ ಹಂಗ ಉಳೀಲಿ. ಹುಬ್ಬಳ್ಳ್ಯಾಗ ನಮ್ಮ ತಂಗಿ ಮನ್ಯಾಗ ಹಿಂಗ ಮಾಡಿಸ್ಯಾರ. ಹುಡುಗ್ರು ನೆನಪಿಗಂತ ದಿನಾ ಅದನ್ನ ಹೊದ್ಕೊಂತಾವ" ಎಂದಿದ್ದಳು.

ಶಾರವ್ವ ಹೂಂ ಎಂದಿದ್ದಳು. 

ಒಂದು ಮಧ್ಯಾಹ್ನ ಆಟದಲ್ಲಿ ದರೋಡೆಕೋರರು ಬಂದರು. ಗುಂಡು ಹಾರಿದವು. ದರೋಡೆಕೋರರಲ್ಲಿ ಉಳಿದವರು ಓಡಿಹೋಗಿ, ಒಬ್ಬನು ಮಾತ್ರ ಗುಂಡು ತಾಗಿ ಹಿಮದಲ್ಲಿ ಬಿದ್ದುಕೊಂಡ. ಮೈಮೇಲೆ ಒಳ್ಳೆಯ ನೀಲಿ ಕೋಟು. ಅಂಬರೀಶ ಗಡ್ಡದವನನ್ನು ಅಲ್ಲಿಗೆ ಕಳಿಸಿದ. ಗಡ್ಡದವ ಬಗ್ಗಿ ಆ ಕೋಟು ಬಿಚ್ಚತೊಡಗಿದ.

"ಅವ ಸತ್ತನೇನು?"

"ಇನ್ನೂ ಇಲ್ಲ. ಸಾಯಾಕತ್ತಾನ."

"ಜೀವ ಐತಲ್ಲೋ ಮತ್ತ."

"ಜೀವ ಇದ್ದಾಗನ ಬಿಚ್ಚಬೇಕವ್ವ. ಸತ್ತ ಮ್ಯಾಲ ಬಿಚ್ಚಿದ್ರ ಕೋಟಿಗೆ ಕಲೆ ಹತ್ತತೈತಿ."

"ರಗತದ ಕಲೇನು?"

"ರಗತದ್ದಲ್ಲ." ಅವನು ಇನ್ನೊಂದು ಕೋಟಿನ ಮೇಲೆ ಒತ್ತಿ ಪಟ್ಟಿ ತೆರೆದ. "ಇದನ್ನ ನೋಡು. ಮೊನ್ನಿ ಸತ್ತಾವಂದು. ಹರದಿಲ್ಲ, ಸವದಿಲ್ಲ, ಚಳಿ ಅಷ್ಟ ತಡೀತೈತಿ. ಆದ್ರ ಹೆಣದ ಮ್ಯಾಲಿಂದು ಅಂತ ಬರದೈತಿ. ಇದನ್ನ ಹಾಕ್ಕೊಂಡಾವರ ಮನಸು ಕೆಡತೈತಿ. ದಿನಾ ಕೆಟ್ಟು ಕೆಟ್ಟು ಕಡೀಕ ಹುಚ್ಚ ಹಿಡೀತೈತಿ."

"ತೊಳದ್ರ?"

"ತೊಳದ್ರೂ ಹೋಗಂಗಿಲ್ಲ. ಸುಡೂದೊಂದ."

ಶಾರವ್ವನ ಕೈ ನಿಂತಿತು. ಪರದೆಯ ಮೇಲೆ ಕೋಟು ಕಳೆದುಕೊಂಡವನು ಇನ್ನೂ ಸ್ವಲ್ಪ ಹೊತ್ತು ಅಲುಗಿ ಸುಮ್ಮನಾದ.

"ಈ ಆಟ ಮಾಡಿದಾವ ಯಾವೂರಾವ?"

"ಯಾವನೋ ಪರದೇಶದಾವ."

"ಅವಂಗ ಇದನ್ನ ಯಾರು ಹೇಳಿದ್ರು?"

ಅಂಬರೀಶನಿಗೆ ಆ ಪ್ರಶ್ನೆ ತಿಳಿಯಲಿಲ್ಲ. ಅವನು ಆಟ ಮುಂದುವರಿಸಿದ. ನೀಲಿ ಕೋಟು ಕುಂಟನಿಗೆ ಹೋಯಿತು. ಕೆಂಚಗೂದಲಾಕಿಯ ಕೋಟು ಗುಂಡು ಹತ್ತಿ ಚಿಂದಿಯಾಗಿತ್ತು. ಅವಳು ಬರೀ ಅಂಗಿಯಲ್ಲಿ ಹೊರಗೆ ನಿಂತಿದ್ದಳು. ಅವಳ ಹೆಸರಿನ ಪಕ್ಕದಲ್ಲಿ ಚಳಿ ಹತ್ತಿದ ಗುರುತು ಮೂಡಿತು.

"ಆ ಮೊನ್ನಿ ಸತ್ತಾವನ ಕೋಟು ಆಕಿಗಿ ಹಾಕು" ಎಂದಳು ಶಾರವ್ವ.

"ಹೆಣದ್ದವ್ವ ಅದು. ಹೊಸಾದು ಹೊಲಿಯೂಮಟ ತಡೀಲಿ."

"ತಡೀಯಂಗಿಲ್ಲ ಆಕಿ. ಹಾಕು. ಯಾರದಂತ ಹೇಳಬ್ಯಾಡ."

"ಹೇಳದಿದ್ರೂ ಆಕಿಗಿ ಗೊತ್ತಾಗತೈತವ್ವ. ಆಟನ ಹಂಗೈತಿ."

ಅವನು ತಿರುಗಿ ನೋಡಿದಾಗ ಅವ್ವ ಸೂಜಿ ಕೆಳಗಿಟ್ಟು ಪರದೆಯನ್ನೇ ನೋಡುತ್ತಿದ್ದಳು. ಲ್ಯಾಪ್‌ಟಾಪು ಮುಚ್ಚಿ, "ಯಾಕವ್ವ?" ಎಂದ. ಆಗ ಹೇಳಿದಳು, ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ.

ಗುತ್ತೆಪ್ಪನ ಕೆಲಸವೇನು ಎಂಬುದು ಅಂಬರೀಶನಿಗೂ ಗೊತ್ತಿದ್ದದ್ದೇ. ಊರಲ್ಲಿ ಯಾರು ಸತ್ತರೂ ಬೀಗರ ಊರುಗಳಿಗೆ ಸುದ್ದಿ ಮುಟ್ಟಿಸಿ ಬರುವುದು, ಕುಣಿ ತೋಡುವುದು. ಅದಕ್ಕೆ ಪ್ರತಿಯಾಗಿ ಸತ್ತವರು ಉಟ್ಟು ಹೊದ್ದ ಬಟ್ಟೆ ಅವನಿಗೆ ಬರುತ್ತಿತ್ತು. ಅದಕ್ಕೆ ಹಕ್ಕು ಎನ್ನುತ್ತಿದ್ದರು. ಶಾರವ್ವ ಮದುವೆಯಾಗಿ ಬಂದ ವರ್ಷ ಹೊದ್ದ ಕಂಬಳಿ ಯಾರೋ ಸತ್ತ ಮುದುಕನದು. ಅವಳು ಅದನ್ನು ಹೊಂಡದಲ್ಲಿ ಮೂರು ಸಲ ಒಗೆದು, ಬೇವಿನ ಸೊಪ್ಪು ಹಾಕಿ ಮಡಚಿಟ್ಟು ಹೊದ್ದಳು. ಆಮೇಲಾಮೇಲೆ ಒಗೆಯುವುದಷ್ಟೇ ಉಳಿಯಿತು. ಮನೆಯಲ್ಲಿ ಸತ್ತವರದಲ್ಲದ ಬಟ್ಟೆ ಅಂದರೆ ಅವಳ ಮದುವೆಯ ಸೀರೆ ಒಂದೇ.

ಅಂಬರೀಶ ಇನ್ನೂ ಹೊಟ್ಟೆಯಲ್ಲಿದ್ದ ವರ್ಷ ಪುಷ್ಯದ ಚಳಿ ಜೋರಾಗಿತ್ತು. ಎಂಟು ವರ್ಷದ ಮಾಲಾ ಕೆಮ್ಮುತ್ತ ಸಾಲೆಗೆ ಹೋಗುತ್ತಿದ್ದಳು. ಅದೇ ದಿನಗಳಲ್ಲಿ ಗೌಡರ ಮನೆಯಲ್ಲಿ ಮುದಕವ್ವನ ಮೊಮ್ಮಗಳೊಂದು ಜ್ವರ ಬಂದು ಸತ್ತಿತು. ಮಾಲಾಳ ವಾರಿಗೆಯದೇ. ಗುತ್ತೆಪ್ಪ ಕುಣಿ ತೋಡಿ ಬಂದಾಗ ಅವನ ಗಂಟಿನಲ್ಲಿ ಒಂದು ಕೆಂಪು ಸ್ವೆಟರು ಇತ್ತು. ಶಾರವ್ವ ಅದನ್ನು ಬಿಸಿನೀರಲ್ಲಿ ಒಗೆದು ಎರಡು ದಿನ ಒಣಗಿಸಿದಳು. ಗುಂಡಿಗಳನ್ನು ಕಿತ್ತು ಬೇರೆ ಗುಂಡಿ ಹಚ್ಚಿದಳು. ಮಗಳಿಗೆ ತೊಡಿಸುವಾಗ ಮಗಳು ಕೇಳಿದಳು, ಇದು ಯಾರದವ್ವ ಎಂದು.

"ಸವಣೂರ ಸಂತ್ಯಾಗ ತಂದೇನಿ ಅಂದೆ" ಎಂದಳು ಶಾರವ್ವ ಮಗನಿಗೆ. "ನಿಮ್ಮಪ್ಪನೂ ಸುಮ್ನ ಕುಂತ."

ಸಾಲೆಯಲ್ಲಿ ಸತ್ತ ಹುಡುಗಿಯ ಕಾಕನ ಮಗಳಿದ್ದಳು. ಮೊಣಕೈ ಹತ್ತಿರ ಮುದಕವ್ವ ಬೇರೆ ಬಣ್ಣದ ಉಣ್ಣೆಯಿಂದ ತೇಪೆ ಹಾಕಿದ್ದನ್ನು ಆ ಹುಡುಗಿ ಗುರುತು ಹಿಡಿದು ಅಳತೊಡಗಿತು. ಮಾಸ್ತರರು ಮಾಲಾಳನ್ನು ನಿಲ್ಲಿಸಿ ಸ್ವೆಟರು ಬಿಚ್ಚಿಸಿದರು. ಅದನ್ನು ಯಾರೂ ಮುಟ್ಟಲಿಲ್ಲ. ಸಂಜೆಯವರೆಗೆ ಅದು ಬಾಗಿಲ ಹೊರಗೆ ಕಲ್ಲಿನ ಮೇಲೆ ಬಿದ್ದಿತ್ತು. ಶಾರವ್ವ ಗೌಡರ ಮನೆಗೆ ಹೋಗಿ, ಕಟ್ಟೆಯ ಕೆಳಗೆ ನಿಂತು ತಪ್ಪಾಯಿತು ಎಂದಳು. ಮುದಕವ್ವ, "ಕೊಟ್ಟದ್ದನ್ನ ತಿರುಗಿ ಕೇಳೂದಿಲ್ಲ ನಾವು. ಆದ್ರ ನಮ್ಮ ಕಣ್ಣಿಗೆ ಬೀಳಂಗ ಹಾಕಬ್ಯಾಡ" ಎಂದಳು. ಮಾಲಾ ಇಪ್ಪತ್ತು ದಿನ ಜ್ವರದಲ್ಲಿ ಮಲಗಿದಳು. ನಡುಗುತ್ತಿದ್ದಳೇ ಹೊರತು ಸ್ವೆಟರು ಮೈಗೆ ತಾಗಗೊಡಲಿಲ್ಲ. ಎದ್ದ ಮೇಲೆ ತಾಯಿಯ ಜೊತೆ ಬೇಕಾದಷ್ಟೇ ಮಾತು. ಮುಂದೆ ಹಾಸ್ಟೆಲು, ಟೀಚರ್ ಟ್ರೇನಿಂಗು, ನೌಕರಿ. ಹಿರೇಕೆರೂರಿಗೆ ಹೋದ ಮೇಲೆ ಬೌದ್ಧ ದೀಕ್ಷೆ ತೆಗೆದುಕೊಂಡಳು.

ಅಂಬರೀಶನಿಗೆ ಅಕ್ಕ ಎಂದರೆ ಒಳಗೊಳಗೇ ಸಿಟ್ಟು. ಅಪ್ಪ ಸತ್ತಾಗ ಬಂದವಳು ಅಪ್ಪನ ಬಟ್ಟೆಗಳನ್ನೆಲ್ಲ ಹಿತ್ತಲಲ್ಲಿ ಗುಡ್ಡೆ ಹಾಕಿ ಸುಟ್ಟಿದ್ದಳು. ಅಂಬರೀಶನೇ ಕೊಡಿಸಿದ್ದ, ಅಪ್ಪ ಎರಡೇ ಸಲ ಹಾಕಿದ್ದ ಜರ್ಕಿನ್ನನ್ನೂ ಬಿಟ್ಟಿರಲಿಲ್ಲ. ಅಂದಿನಿಂದ ಪ್ರತಿವರ್ಷ ಚಳಿಗಾಲಕ್ಕೆ ಅವ್ವನಿಗೊಂದು ಹೊಸ ಶಾಲು ಕಳಿಸುತ್ತಿದ್ದಳು, ಬೆಲೆಯ ಚೀಟಿ ಸಮೇತ. ನೌಕರಿಯ ಸೊಕ್ಕು ಎಂದುಕೊಂಡಿದ್ದ. ಈಗ ಅವನಿಗೆ ಎಲ್ಲ ತಿಳಿದಂತಾಯಿತು. ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗದೆ ಮರುದಿನ ಅಕ್ಕನಿಗೆ ಫೋನು ಮಾಡಿದ.

"ಅವ್ವ ಎಲ್ಲಾ ಹೇಳಿದ್ಲಕ್ಕ, ಸ್ವೆಟರಿಂದು. ಒಮ್ಮೆ ಬಂದು ಹೋಗು. ಆಕಿಗೂ ವಯಸ್ಸಾತು."

"ರವಿವಾರ ಬರ್ತೇನಿ" ಎಂದಳು ಮಾಲಾ.

ರವಿವಾರ ಮುಂಜಾನೆಯೇ ಶಾರವ್ವ ಮನೆ ಸಾರಿಸಿ, ಹೋಳಿಗೆಗೆ ಬೇಳೆ ಇಟ್ಟಳು. ನಾಲ್ಕು ವರ್ಷದ ಮೇಲೆ ಮಗಳು ಬರುತ್ತಾಳೆ. ಬಂದ ಮೇಲೆ ಏನು ಹೇಳಬೇಕು ಎಂಬುದನ್ನು ಒಲೆಯ ಮುಂದೆ ಕೂತು ಒಂದೆರಡು ಸಲ ಬಾಯೊಳಗೇ ಆಡಿ ನೋಡಿಕೊಂಡಳು. ಎರಡು ಬಸ್ಸು ಬದಲಿಸಿ ಮಾಲಾ ಹನ್ನೊಂದಕ್ಕೆ ಬಂದಳು. ತಮ್ಮನ ಕಾಲು ನೋಡಿದಳು, ಔಷಧಿ ಚೀಟಿ ಓದಿದಳು. ಮುಂಜಾನೆ ತಣ್ಣಗಿದ್ದುದರಿಂದ ಅವ್ವ ಹೆಗಲ ಮೇಲೆ ಸವೆದ ಹಚ್ಚಡ ಹೊದ್ದಿದ್ದನ್ನು ನೋಡಿ, "ನಾ ಕಳಿಸಿದ ಶಾಲು ಎಲ್ಲದಾವು?" ಎಂದು ಕೇಳಿದಳು.

"ಟ್ರಂಕಿನಾಗ ಅದಾವ."

ಮಾಲಾ ಟ್ರಂಕು ತೆಗೆದಳು. ನಾಲ್ಕು ವರ್ಷದ ನಾಲ್ಕು ಶಾಲು ಮಡಿಕೆ ಬಿಚ್ಚದೆ ಕೂತಿದ್ದವು. ಬೆಲೆಯ ಚೀಟಿಗಳೂ ಹಾಗೇ ಇದ್ದವು.

"ಯಾಕ ಹೊದ್ದಿಲ್ಲ?"

"ಹೊಸಾದು ನನ್ನ ಮೈಗೆ ಒಗ್ಗೂದಿಲ್ಲವ್ವ. ಚುಚ್ಚತೈತಿ."

ಮಾಲಾ ಟ್ರಂಕು ಮುಚ್ಚಿದಳು. ತಿರುಗುವಾಗ ಮೂಲೆಯಲ್ಲಿದ್ದ ಕೌದಿಯ ಮೇಲೆ ಕಣ್ಣು ಬಿತ್ತು. ಒಂದು ಅಂಚು ಬಿಟ್ಟರೆ ಎಲ್ಲ ಮುಗಿದಿತ್ತು. ಬೆಲೆಬಾಳುವ ಇಳಕಲ್ಲ ಸೀರೆಗಳು.

"ಇವು ಯಾರವು?"

ಶಾರವ್ವ ಈ ಸಲ ಸುಳ್ಳು ಹೇಳಲಿಲ್ಲ. "ಮುದಕವ್ವ ಗೌಡಶಾನೀವು. ಆ ಮನ್ಯಾಗ ಹೊದ್ಕೊಳ್ಳಾಕ ಮಾಡಿಸ್ಯಾರ. ತೊಳೀಬ್ಯಾಡ ಅಂದಾರ, ವಾಸನಿ ಬೇಕಂತ."

ಮಾಲಾಳ ಬಾಯಲ್ಲಿ ನಗೆಯಂಥದ್ದೇನೋ ಬಂತು. "ಅವರು ಹೊದ್ರ ನೆನಪು" ಎಂದಳು. "ನಾ ಹಾಕ್ಕೊಂಡದ್ದು ಮಾತ್ರ ಬಾಗಲ ಹೊರಗ ಕಲ್ಲಿನ ಮ್ಯಾಲ ಬಿದ್ದಿತ್ತು."

"ನನ್ನ ಕಡೆ ತಪ್ಪಾತವ್ವ" ಎಂದಳು ಶಾರವ್ವ. ಒಲೆಯ ಮುಂದೆ ಆಡಿ ನೋಡಿಕೊಂಡಿದ್ದ ಮಾತು ಅದೇ. "ಸತ್ತ ಹುಡಿಗೀದು ನಿನಗ ಹಾಕಬಾರದಿತ್ತು. ನೀ ಕೆಮ್ಮೂದು ನೋಡಾಕ ಆಗಲಿಲ್ಲ."

"ಅದಕ್ಕಂತ ತಿಳದೀಯೇನು ಇಷ್ಟು ವರ್ಷ?"

ಶಾರವ್ವ ಮಗಳ ಮುಖ ನೋಡಿದಳು.

"ನಾ ಕೇಳಿದ್ದೆ, ಯಾರದಂತ. ನೀ ಸಂತ್ಯಾಗ ತಂದದ್ದಂದಿ. ಆ ಹುಡಿಗಿ ಅಳ್ಕೊಂತ ನಮ್ಮಕ್ಕಂದದು ಅಂದಾಗ ನಾ ಆಕಿಗಿ ಸುಳ್ಳಿ ಅಂದೆ. ಇಡೀ ಸಾಲಿ ಮುಂದ ನಿಂತು, ನಮ್ಮವ್ವ ನನಗಂತ ಹೊಸಾದು ತಂದಾಳ ಅಂತ ಆಣಿ ಮಾಡಿದೆ. ಮಾಸ್ತರು ತೇಪಿ ತೋರಿಸಿದ್ರು. ಆಗೂ ನಾ ಆಣಿ ಬಿಡಲಿಲ್ಲ. ಎಲ್ಲಾರೂ ನಕ್ಕರು."

"ಹೇಳಿದ್ರ ನೀ ಹಾಕ್ಕೊಂತಿದ್ದಿಲ್ಲ."

"ಹಾಕ್ಕೊಂತಿದ್ದೆ." ಮಾಲಾ ದನಿ ಏರಿಸಲಿಲ್ಲ. "ನನಗೂ ಚಳಿ ಆಗತಿತ್ತವ್ವ. ಗೊತ್ತಿದ್ದು ಹಾಕ್ಕೊಂತಿದ್ದೆ. ಆ ಹುಡಿಗಿ ಅಳ್ಳಾಕ ಹತ್ತಿದಾಗ ಹೌದವಾ ನಿಮ್ಮಕ್ಕಂದ ಇದು ಅಂತಿದ್ದೆ. ಅಷ್ಟ ಆಗತಿತ್ತು."

ಅಂಬರೀಶ ಗೋಡೆಯ ಕಡೆ ಮುಖ ಮಾಡಿದ್ದ. ಇಪ್ಪತ್ತೇಳು ವರ್ಷ ಶಾರವ್ವ ಬಡತನವೇ ತನ್ನ ತಪ್ಪು ಎಂದು ತಿಳಿದು, ಅದು ತಪ್ಪೇ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದಳು. ಈಗ ಗೊತ್ತಾದದ್ದಕ್ಕೆ ಸಮಾಧಾನ ಇರಲಿಲ್ಲ. ಆ ಸುಳ್ಳು ಹೇಳಿದ್ದು ಗೌಡರಲ್ಲ, ಮಾಸ್ತರರಲ್ಲ, ಅವಳೇ.

ಮಾಲಾ ಒಂದು ಹೋಳಿಗೆ ತಿಂದು ಮೂರರ ಬಸ್ಸಿಗೆ ಹೊರಟಳು. ಬಾಗಿಲಲ್ಲಿ ನಿಂತು ತಮ್ಮನಿಗೆ, "ಕಾಲು ಊರಬ್ಯಾಡ ಇಷ್ಟ ಬೇಗ" ಎಂದಳು. ಅವ್ವನಿಗೆ ಏನೂ ಹೇಳಲಿಲ್ಲ.

ಮೂರು ದಿನ ಶಾರವ್ವ ಕೌದಿ ಮುಟ್ಟಲಿಲ್ಲ. ನಾಲ್ಕನೆಯ ದಿನ, ಒಪ್ಪಿಕೊಂಡ ಕೆಲಸ ಎಂದು ಉಳಿದ ಅಂಚು ಮುಗಿಸಿ ಗೌಡರ ಮನೆಗೆ ಒಯ್ದಳು. ಮಲ್ಲಿಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡಳು. ಕಣ್ಣು ತುಂಬಿ ಬಂದವು. "ಅಜ್ಜಿನ ಬಂದು ಕುಂತಂಗ ಆಗತೈತಿ ನೋಡ್ರಿ" ಎಂದಳು. ಒಳಗೆ ಹೋಗಿ ಕೂಲಿಯ ಜೊತೆ ಒಂದು ಗಂಟು ತಂದಳು.

"ಅಜ್ಜೀವು ಇನ್ನೂ ನಾಕು ಸೀರಿ ಉಳದಾವ್ರಿ ಶಾರವ್ವ, ಒಂದು ಶಾಲೂ ಐತಿ. ನೀವ ಉಟ್ಕೊಳ್ರಿ. ಚೊಲೋ ಅದಾವ."

ಶಾರವ್ವನ ಕೈ ರೂಢಿಯಂತೆ ಮುಂದೆ ಚಾಚಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ್ರಿ" ಎಂದಳು. "ಸತ್ತವರ ಬಟ್ಟಿ ನಾವಿನ್ನ ಒಯ್ಯಂಗಿಲ್ಲ."

ಜೀವಮಾನದಲ್ಲಿ ಆ ಮನೆಯ ಮುಂದೆ ಅವಳು ಬೇಡ ಎಂದದ್ದು ಅದೇ ಮೊದಲು. ಏನಾದರೂ ಆಗುತ್ತದೆ ಎಂದು ಕಾದಳು. ಏನೂ ಆಗಲಿಲ್ಲ. ಮಲ್ಲಿಕಾಳಿಗೆ ಆ ಮಾತಿನ ತೂಕವೇ ತಿಳಿಯಲಿಲ್ಲ. "ಹೌದೇನ್ರಿ? ಹಂಗಾರ ಬಿಡ್ರಿ, ಬ್ಯಾರೆ ಯಾರಿಗರ ಕೊಡ್ತೇನಿ" ಎಂದು ಗಂಟನ್ನು ಕಟ್ಟೆಯ ಮೇಲಿಟ್ಟು, ಕೌದಿ ತೋರಿಸಲು ಮಕ್ಕಳನ್ನು ಕೂಗುತ್ತ ಒಳಗೆ ಹೋದಳು.

ಮನೆಗೆ ಬಂದವಳೇ ಶಾರವ್ವ ಮಗನಿಗೆ ಹೇಳಿ ಮಾಲಾಳಿಗೆ ಫೋನು ಹಚ್ಚಿಸಿದಳು. ಆ ಕಡೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು.

"ಮಾಲಾ, ಗೌಡರ ಮನ್ಯಾಗ ಸೀರಿ ಕೊಡಾಕ ಬಂದಿದ್ರು. ನಾ ಒಲ್ಲೆ ಅಂದೆ."

"ಹೂಂ."

"ಅವರ ಕಟ್ಟಿ ಮುಂದನ ನಿಂತು ಅಂದೆ."

"ಈಗ ಅಂದ್ರ ಏನಾತವ್ವ" ಎಂದಳು ಮಾಲಾ. ಸಿಟ್ಟಿರಲಿಲ್ಲ ದನಿಯಲ್ಲಿ, ದಣಿವಿತ್ತು. "ಕ್ಲಾಸಿನ್ಯಾಗ ಅದೀನಿ. ಇಡ್ತೇನಿ."

ಅಂಬರೀಶ ಶಿವರಾತ್ರಿಯ ಮುಂಚೆ ಕೋಲು ಬಿಟ್ಟು ನಡೆಯತೊಡಗಿ ಮತ್ತೆ ಕೆಲಸಕ್ಕೆ ಹೋದ. ಲ್ಯಾಪ್‌ಟಾಪಿನಲ್ಲಿದ್ದ ಆಟವನ್ನು ಅಳಿಸಿ ಅದನ್ನು ಅಂಗಡಿಗೆ ಒಪ್ಪಿಸಿದ. ಅಕ್ಕನ ಜೊತೆ ಈಗ ವಾರಕ್ಕೊಮ್ಮೆ ಮಾತಾಡುತ್ತಾನೆ. ಅವ್ವ ಎದುರಿಗೆ ಕೂತಿದ್ದರೆ ಫೋನು ಅವಳ ಕಡೆ ಚಾಚುತ್ತಾನೆ. ಆ ಹೊತ್ತಿಗೆ ಆ ಕಡೆ ಮಾಲಾಳಿಗೆ ಏನಾದರೊಂದು ಕೆಲಸ ಬಂದಿರುತ್ತದೆ. ಶಾರವ್ವ ಮಾತ್ರ ಕೈ ಒರೆಸಿಕೊಂಡು ಫೋನು ತೆಗೆದುಕೊಂಡು, ಆ ಕಡೆ ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದಿರುತ್ತಾಳೆ.